ಗುರುಗಳ ಚರಿತ್ರೆಯೂ ಇಸವಿಯ ಲೆಕ್ಕವೂ

ಸಂಗೀತದ ಗುರುಗಳೊಬ್ಬರ ಚರಿತ್ರೆ ಬರೆಯ ಹೊರಟವರು ಮೊದಲು ಎಡವುವುದು ಇಸವಿಯಲ್ಲಿ. ಶಿಷ್ಯರಿಗೆ ತಿಥಿ ಚೆನ್ನಾಗಿ ನೆನಪಿರುತ್ತದೆ, ವರ್ಷವರ್ಷವೂ ಆರಾಧನೆ ನಡೆಯುತ್ತದಲ್ಲ! ಇಸವಿಯನ್ನು ಮಾತ್ರ ಆಮೇಲೆ ಯಾರೋ ಲೆಕ್ಕ ಹಾಕಿ ಸೇರಿಸಿರುತ್ತಾರೆ.

ಪುರಂದರದಾಸರನ್ನೇ ನೋಡಿರಿ. ಸರಳೆ, ಅಲಂಕಾರಗಳ ಪಾಠಕ್ರಮ ಹಾಕಿಕೊಟ್ಟ ಗುರುಗಳೆಂದು ಕರ್ನಾಟಕ ಸಂಗೀತದವರೆಲ್ಲ ಅವರನ್ನು ನೆನೆಯುತ್ತಾರೆ. ಸಂಪ್ರದಾಯದಂತೆ ಅವರ ಪುಣ್ಯದಿನ ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆ. ಅದು ಶಾಲಿವಾಹನ ಶಕ 1486. ಶಕಕ್ಕೆ 78 ಕೂಡಿಸಿ ಹಲವರು 1564 ಎಂದು ಬರೆದುಬಿಡುತ್ತಾರೆ. ಆದರೆ ಸಂವತ್ಸರ ಹುಟ್ಟುವುದು ಯುಗಾದಿಗೆ, ಇಸವಿ ಹುಟ್ಟುವುದು ಜನವರಿಗೆ. ಆ ವರ್ಷದ ಪುಷ್ಯದ ಅಮಾವಾಸ್ಯೆ ಬಂದದ್ದು ಜನವರಿ 2ಕ್ಕೆ. ಆದ್ದರಿಂದ 79 ಕೂಡಿಸಬೇಕು, 1565 ಆಗಬೇಕು.

ಅಚ್ಚಿನ ಮೊಳೆ ಜೋಡಿಸುವವರೂ ಕಡಿಮೆಯಲ್ಲ. ತ್ಯಾಗರಾಜರು ದೇಹಬಿಟ್ಟದ್ದು ಪರಾಭವ ಸಂವತ್ಸರದ ಪುಷ್ಯ ಬಹುಳ ಪಂಚಮಿ, ಅಂದರೆ 1847ರ ಜನವರಿ 6. ‘ಪರಾಭವ’ ಹೋಗಿ ‘ಪ್ರಭವ’ ಆಯಿತೆಂದರೆ ಸ್ವಾಮಿಗಳಿಗೆ 21 ವರ್ಷ ಆಯುಷ್ಯ ಹೆಚ್ಚಿತು!

ಈಚಿನವರ ವಿಷಯದಲ್ಲಿ ತೊಡಕು ಬೇರೆ. ಖಾನಸಾಹೇಬ ಅಬ್ದುಲ್ ಕರೀಂ ಖಾನರ ಗೋರಿ ಮೀರಜಿನಲ್ಲಿದೆ. ಅದನ್ನು ಕಂಡು ಬಂದವರು ಅಲ್ಲಿಯೇ ತೀರಿಕೊಂಡರೆಂದು ಬರೆದಾರು. ಅವರು ಕಣ್ಣುಮುಚ್ಚಿದ್ದು 1937ರ ಅಕ್ಟೋಬರ್ 27ರಂದು, ಮದರಾಸಿನ ಕಡೆಯ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ. ಅವರ ಶಿಷ್ಯರಾದ ಸವಾಯಿ ಗಂಧರ್ವರಿಗೆ (1886–1952) ರಾಮಭಾವು ಕುಂದಗೋಳಕರ ಎಂಬ ಹೆಸರೂ ಉಂಟು. ಹಳೆಯ ನಾಟಕದ ಜಾಹೀರಾತನ್ನು ಎರಡು ಹೆಸರಿನಲ್ಲಿಯೂ ಹುಡುಕಬೇಕು.

ಹೆಸರಾಗದೆ ಹೋದ ನಮ್ಮ ಊರುಗಳ ಗುರುಗಳಿಗೆ ಇಂಥ ದಾಖಲೆ ಎಲ್ಲಿಯದು? ಶಾಲೆಯ ರಿಜಿಸ್ಟರಿನಲ್ಲಿ ಜೂನ್ 1 ಎಂದು ಕಂಡರೆ ಅನುಮಾನಪಡಿರಿ. ಹೆಡ್‌ಮಾಸ್ತರರು ಎಷ್ಟೋ ಮಕ್ಕಳಿಗೆ ಅದೇ ಜನ್ಮದಿನ ಕೊಟ್ಟಿದ್ದಾರೆ. ‘ಹನ್ನೆರಡು ವರ್ಷ ಗುರುಸೇವೆ’ ಎಂಬುದೂ ವಾಡಿಕೆಯ ಮಾತು. ಶಿಷ್ಯರನ್ನು ಇಸವಿ ಕೇಳಿದರೆ ತಡಬಡಿಸುತ್ತಾರೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ಕ್ಕೆ ಮುಂಚೆ ಪಾಠ ಆರಂಭವಾಯಿತೋ ಆಮೇಲೋ, ಆಗ ನಿಮ್ಮ ಮನೆಯಲ್ಲಿ ಯಾರ ಲಗ್ನವಾಗಿತ್ತು ಎಂದು ಕೇಳಿರಿ, ಹೇಳುತ್ತಾರೆ. ಎರಡು ಇಸವಿ ಸಿಕ್ಕರೆ ಎರಡನ್ನೂ ಬರೆದು, ಯಾರು ಯಾವಾಗ ಹೇಳಿದರೆಂದು ಪಕ್ಕದಲ್ಲಿ ಗುರುತು ಹಾಕಿರಿ. ಎದುರು ಕೂತು ಪಾಠ ಹೇಳಿಸಿಕೊಂಡವರಿಗೆ ವಯಸ್ಸಾಗಿದೆ. ಈ ಸಲ ರಜೆಗೆ ಊರಿಗೆ ಹೋಗುವಾಗ ಚೀಲದಲ್ಲಿ ಒಂದು ವಹಿ ಇಟ್ಟುಕೊಂಡೇ ಹೋಗಿರಿ.