‘ಚಿತ್ರಕೃಪೆ: ಅಂತರ್ಜಾಲ’ ಎಂದರೆ ಸಾಲದು

ಕ್ಷೇತ್ರಕಾರ್ಯದ ವರದಿಗಳು ಈಗ ಜಾಲತಾಣಗಳಲ್ಲಿಯೂ ಪ್ರಕಟವಾಗುತ್ತಿವೆ. ಬರಹ ವಿದ್ಯಾರ್ಥಿಯದೇ ಆಗಿರುತ್ತದೆ. ಚಿತ್ರಗಳು ಮಾತ್ರ ಎಲ್ಲಿಂದಲೋ ಬಂದಿರುತ್ತವೆ. ಅವುಗಳ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಒಕ್ಕಣೆ. ಆಕರವನ್ನು ಸೂಚಿಸಬೇಕೆಂದು ತರಗತಿಯಲ್ಲಿ ಕಲಿತ ಪಾಠವೇ ಹೀಗೆ ಬರೆಸುತ್ತದೆ. ಆದರೆ ಆಕರ ಸೂಚಿಸುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಮೊದಲನೆಯದು ಕೃತಿಚೌರ್ಯದ ಅಪವಾದವನ್ನು ತಪ್ಪಿಸೀತು. ಕೃತಿಸ್ವಾಮ್ಯದ ಪ್ರಶ್ನೆಗೆ ಉತ್ತರ ಎರಡನೆಯದರಲ್ಲಿದೆ. ಮೇಲಾಗಿ, ಅಂತರ್ಜಾಲವು ಯಾವ ಚಿತ್ರವನ್ನೂ ತೆಗೆದುದಲ್ಲ.

ಒಂದು ಉದಾಹರಣೆಯನ್ನು ನೋಡೋಣ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಕನ್ನಡವನ್ನು ಕುರಿತು ನೀವು ಬರೆಯುತ್ತಿದ್ದೀರಿ ಎನ್ನಿ. ಹಿಂದೆ ನೊಳಂಬರ ಆಳ್ವಿಕೆ ಕಂಡ ಈ ಜಿಲ್ಲೆ ವೀರಗಲ್ಲುಗಳಿಗೆ ಹೆಸರಾದುದು. ಬರಹಕ್ಕೆ ಒಂದು ವೀರಗಲ್ಲಿನ ಚಿತ್ರ ಬೇಕೆನಿಸುತ್ತದೆ. ಶತಮಾನಗಳ ಹಿಂದಿನ ಆ ಕಲ್ಲಿಗೆ ಕೃತಿಸ್ವಾಮ್ಯವಿಲ್ಲ. ಆದರೆ ಅದೇ ಕಲ್ಲನ್ನು ಕಳೆದ ವರ್ಷ ಯಾರೋ ಸೆರೆಹಿಡಿದ ಛಾಯಾಚಿತ್ರಕ್ಕೆ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮವು ಛಾಯಾಚಿತ್ರವನ್ನು ಕಲಾಕೃತಿಯೆಂದೇ ಪರಿಗಣಿಸುತ್ತದೆ. ಇದಕ್ಕೆ ನೋಂದಣಿ ಬೇಕಿಲ್ಲ. ‘ಹಕ್ಕುಗಳನ್ನು ಕಾದಿರಿಸಿದೆ’ ಎಂದು ಬರೆಯದಿದ್ದರೂ ಹಕ್ಕು ಇದ್ದೇ ಇರುತ್ತದೆ.

ಎಷ್ಟು ಕಾಲ? ಮೊದಲು ಪ್ರಕಟಣೆಯ ವರ್ಷವನ್ನು ಆಧರಿಸಿ ಅವಧಿಯನ್ನು ಎಣಿಸುತ್ತಿದ್ದರು. 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಮೈಸೂರಿನ ಟಿ. ಎಸ್. ಸತ್ಯನ್ 2009ರಲ್ಲಿ ನಿಧನರಾದರು. ಆ ತಿದ್ದುಪಡಿಯ ವೇಳೆಗೆ ಹಕ್ಕು ಉಳಿದಿದ್ದ ಅವರ ಚಿತ್ರಗಳ ಸ್ವಾಮ್ಯ 2069ರ ಕೊನೆಯವರೆಗೆ ನಡೆಯುತ್ತದೆ.

ಯಾರ ಹಕ್ಕು? ಸಾಮಾನ್ಯವಾಗಿ ಚಿತ್ರ ತೆಗೆದವರದು. ಆದರೆ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಆದ್ದರಿಂದ ಮದುವೆಯ ಹಳೆಯ ಚಿತ್ರವೊಂದು ಬೇಕಾದಾಗ ಸ್ಟುಡಿಯೋದವರನ್ನಷ್ಟೇ ಅಲ್ಲ, ಆ ಮನೆಯವರನ್ನೂ ಕೇಳಬೇಕು. ಯಾವ ಚಿತ್ರ, ಎಲ್ಲಿ ಬಳಕೆ, ಅದನ್ನು ಕತ್ತರಿಸುತ್ತೀರೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪಿಗೆ ದೊರೆತ ಮೇಲೂ ಛಾಯಾಗ್ರಾಹಕರ ಹೆಸರನ್ನು ಬಿಡುವಂತಿಲ್ಲ. ಹಕ್ಕನ್ನು ಪರಭಾರೆ ಮಾಡಿದರೂ ಕರ್ತೃತ್ವವು ಕರ್ತೃವಿನದೇ ಎಂದು 57ನೆಯ ಪ್ರಕರಣ ಹೇಳುತ್ತದೆ.

ವಿನಾಯಿತಿಗಳೂ ಇವೆ. ಸ್ವಂತ ಅಧ್ಯಯನ, ವಿಮರ್ಶೆ, ತರಗತಿಯ ಬೋಧನೆ ಇವುಗಳಿಗೆ 52ನೆಯ ಪ್ರಕರಣ ಅವಕಾಶ ಕೊಟ್ಟಿದೆ. ಛಾಯಾಚಿತ್ರವೊಂದರ ಸಂಯೋಜನೆಯನ್ನೇ ವಿಮರ್ಶಿಸುವ ಬರಹ ಈ ಆಸರೆಯನ್ನು ಕೋರಬಹುದು; ಪುಟದ ಅಂದಕ್ಕಾಗಿ ಎತ್ತಿಕೊಂಡ ಚಿತ್ರಕ್ಕೆ ಅದು ದೊರೆಯುವುದು ಕಷ್ಟ.

ಮುಕ್ತವಾಗಿ ಕೊಟ್ಟವರೂ ನಮ್ಮಲ್ಲಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು, ನಿರಂಜನರ ಕುಟುಂಬದವರು ಅವರ ಕೃತಿಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಇಂತಹ ಪರವಾನಗಿಯುಳ್ಳ ಛಾಯಾಚಿತ್ರಗಳು ಹೇರಳವಾಗಿವೆ. ಮುಕ್ತ ಎಂದರೆ ನಿಬಂಧನೆಯಿಲ್ಲ ಎಂದಲ್ಲ: ಕರ್ತೃವಿನ ಹೆಸರು, ಪರವಾನಗಿಯ ಹೆಸರು, ನೀವು ಮಾಡಿದ ಬದಲಾವಣೆ, ಇವನ್ನು ನಮೂದಿಸಬೇಕು. ಕೆಲವು ಪರವಾನಗಿಗಳು ವಾಣಿಜ್ಯ ಬಳಕೆಯನ್ನು, ಕೆಲವು ಮಾರ್ಪಾಟನ್ನು ನಿಷೇಧಿಸುತ್ತವೆ.

ಎಲ್ಲಕ್ಕಿಂತ ನೇರವಾದ ದಾರಿಯೆಂದರೆ ನಾವೇ ಅಲ್ಲಿಗೆ ಹೋಗಿ ಚಿತ್ರ ತೆಗೆಯುವುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪದ ಚಿತ್ರ ತೆಗೆಯಲು ಕೃತಿಸ್ವಾಮ್ಯ ಅಡ್ಡಿಯಾಗದು. ಜನರ ಚಿತ್ರವಾದರೆ ಅವರನ್ನು ಕೇಳಿ ತೆಗೆಯಿರಿ. ಊರು, ದಿನಾಂಕ, ನಿಮ್ಮ ಹೆಸರು ಬರೆದಿಡಿ; ಇತರರು ಹೇಗೆ ಬಳಸಬಹುದೆಂಬುದನ್ನೂ ತಿಳಿಸಿ. ಗಡಿಯಾಚೆಯ ಕನ್ನಡದ ಊರುಗಳನ್ನು ಮುಂದೆ ಅಭ್ಯಾಸ ಮಾಡುವವರಿಗೆ ಆಗ ಆ ಚಿತ್ರ ನಿಜವಾದ ಆಕರವಾಗುತ್ತದೆ. ಅದರ ಕೆಳಗಿನ ಕೃಪೆಯ ಸಾಲಿನಲ್ಲಿ ‘ಅಂತರ್ಜಾಲ’ದ ಬದಲು ನಿಮ್ಮ ಹೆಸರಿರುತ್ತದೆ.