ಒಂದು ಊರು, ಎರಡು ಪುರಸಭೆಗಳು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೆಂಗಳೂರೆಂಬುದು ಒಂದೇ ಊರಾಗಿರಲಿಲ್ಲ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಪೇಟೆ ಒಂದು. 1809ರಲ್ಲಿ ಆಂಗ್ಲರ ಸೈನ್ಯಕ್ಕಾಗಿ ಎದ್ದ ದಂಡುಪ್ರದೇಶ ಮತ್ತೊಂದು. ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳೆಂದು ವ್ಯಾಪಾರಕ್ಕೊಂದು ಬೀದಿ, ಇಕ್ಕಟ್ಟಾದ ಓಣಿಗಳು. ದಂಡಿನಲ್ಲಿ ಅಗಲವಾದ ರಸ್ತೆಗಳು, ಕವಾಯತಿನ ಮೈದಾನ, ತೋಟಗಳ ನಡುವಣ ಬಂಗಲೆಗಳು.

ಇಂತಹ ಊರಿನ ಕಸವನ್ನು ತೆಗೆಯುವವರಾರು? ಬೀದಿಯ ದೀಪಕ್ಕೆ ಎಣ್ಣೆ ಹಾಕುವವರಾರು? ಅದಕ್ಕೆ ತಗಲುವ ಹಣವನ್ನು ಕೊಡುವವರಾರು? ಪೌರಾಡಳಿತದ ಕಥೆಯೆಲ್ಲ ಈ ಕೊನೆಯ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಬಂಗಾಳಕ್ಕೆಂದು 1842ರಲ್ಲಿ ಮಾಡಿದ ಕಾನೂನು ನೇರ ತೆರಿಗೆಯನ್ನು ಹೇರಲು ಹೋಗಿ ಜನರ ವಿರೋಧದಿಂದ ನೆಲಕಚ್ಚಿತು. ಆದುದರಿಂದ 1850ರ 26ನೆಯ ಕಾಯಿದೆ ಜಾಣತನದ ಹಾದಿ ಹಿಡಿಯಿತು. ಊರವರು ಬಯಸಿದಲ್ಲಿ ಮಾತ್ರ ಮಂಡಲಿ. ಪರೋಕ್ಷ ತೆರಿಗೆಗೂ ಅವಕಾಶ. ಊರೊಳಕ್ಕೆ ಬರುವ ಸರಕಿನ ಮೇಲಿನ ಸುಂಕವು ವ್ಯಾಪಾರಿಯ ಕೈಯಿಂದ ಸಂದರೂ ಕೊನೆಗೆ ಕೊಳ್ಳುವವನ ಮೇಲೆಯೇ ಬೀಳುತ್ತದೆ. ಬಡವನೂ ತೆರಿಗೆ ತೆತ್ತಂತಾಯಿತು. ತೆತ್ತದ್ದು ಮಾತ್ರ ಅವನ ಅರಿವಿಗೆ ಬಾರದು.

ಮೈಸೂರು ರಾಜ್ಯವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1862ರ ಮಾರ್ಚ್ 27ರಂದು, ಈ ಕಾಯಿದೆಯಂತೆ ಪೇಟೆಯ ಒಂಬತ್ತು ಮಂದಿ ಪ್ರಮುಖರು ಸೇರಿ ಪುರಮಂಡಲಿಯನ್ನು ರಚಿಸಿದರು. ದಂಡುಪ್ರದೇಶಕ್ಕೂ ಅಂತಹುದೇ ಇನ್ನೊಂದು ಮಂಡಲಿ ಬಂದಿತು. ಆ ಒಂಬತ್ತು ಮಂದಿಯನ್ನು ಯಾರೂ ಮತ ಹಾಕಿ ಆರಿಸಿರಲಿಲ್ಲ. ಆದರೂ ಊರಿನ ವಿಚಾರವನ್ನು ಊರಿನವರೇ ಕುಳಿತು ಮಾತನಾಡುವ ಕ್ರಮ ಅಲ್ಲಿ ಮೊದಲಾಯಿತೆಂಬುದು ಸಣ್ಣ ಸಂಗತಿಯಲ್ಲ.

1881ರಲ್ಲಿ ರಾಜ್ಯವು ಮರಳಿ ಒಡೆಯರಿಗೆ ದೊರೆಯಿತು. ದಂಡನ್ನು ಮಾತ್ರ ಆಂಗ್ಲರು ತಮ್ಮ ವಶದಲ್ಲಿಯೇ ಉಳಿಸಿಕೊಂಡರು. ಒಂದೇ ಊರಿನ ಎರಡು ಪುರಸಭೆಗಳು ಎರಡು ಪ್ರಭುತ್ವಗಳ ಅಡಿಯಲ್ಲಿ ನಿಂತವು. ಮರುವರ್ಷ ಪುರಸಭೆಯ ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾವಣೆಯಿಂದ ಆರಿಸಲು ಅವಕಾಶವಾಯಿತು; ಅದರೊಡನೆ ಆಸ್ತಿ ತೆರಿಗೆಯೂ ಬಂದಿತು. ಹಕ್ಕು ಮತ್ತು ಹೊರೆ ಜೊತೆಯಾಗಿಯೇ ಬಾಗಿಲಿಗೆ ಬಂದವೆನ್ನಬಹುದು. ಆದರೆ ಮತ ಹಾಕುವ ಹಕ್ಕು ಉಳ್ಳವರಾದ ಕೆಲವರದು ಮಾತ್ರ. ನಸುಕಿನಲ್ಲೆದ್ದು ಬೀದಿ ಗುಡಿಸುತ್ತಿದ್ದವರ ಕೈಗೆ ಪೊರಕೆ ಬಂದಿತ್ತು, ಮತ ಬಂದಿರಲಿಲ್ಲ.

ಪುರಸಭೆಗೆ ನಿಜವಾದ ಪರೀಕ್ಷೆ ಒದಗಿದ್ದು 1898ರಲ್ಲಿ. ಆ ವರ್ಷ ಪ್ಲೇಗು ಊರನ್ನು ಹೊಕ್ಕಿತು. ಹೆಸರಘಟ್ಟದಿಂದ ಕೊಳವೆಯ ನೀರು ಬಂದು ಎರಡು ವರ್ಷಗಳಷ್ಟೇ ಆಗಿದ್ದವು. ಪೇಟೆಯ ಓಣಿಗಳಾದರೋ ಹಿಂದಿನಂತೆಯೇ ಇದ್ದವು. ರೋಗಕ್ಕೆ ಪೇಟೆಯ ಗಡಿಯೂ ಇಲ್ಲ, ದಂಡಿನ ಗಡಿಯೂ ಇಲ್ಲ. ಗಾಳಿ ಬೆಳಕುಗಳಿಗೆ ಎಡೆಯಿರುವ ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ಈ ಮಾರಿಯೇ ವೇಗ ಕೊಟ್ಟಿತು.

ಗಡಿಗೆರೆ ಮಾತ್ರ ಬಹುಕಾಲ ಅಳಿಯಲಿಲ್ಲ. ದಂಡುಪ್ರದೇಶವು 1947ರಲ್ಲಿ ಮೈಸೂರಿಗೆ ಮರಳಿತು. 1949ರ ಡಿಸೆಂಬರ್ 8ರಂದು ಎರಡು ಪುರಸಭೆಗಳೂ ಕೂಡಿ ಬೆಂಗಳೂರು ನಗರಸಭೆಯಾದವು.