ಗಾಜಿನ ತೊಟ್ಟಿಯೋ, ಅಕ್ರಿಲಿಕ್ ತೊಟ್ಟಿಯೋ?

ಮಕ್ಕಳೇ, ಮೀನು ತರೋ ಮುಂಚೆ ಅಪ್ಪ-ಅಮ್ಮನ ಜೊತೆ ಕೂತು ತೊಟ್ಟಿ ಯಾವುದು ಅಂತ ತೀರ್ಮಾನ ಮಾಡಿ. ಅಕ್ರಿಲಿಕ್ ಅಂದ್ರೆ ಪಾರದರ್ಶಕ ಪ್ಲಾಸ್ಟಿಕ್. ಅಷ್ಟೇ ದಪ್ಪದ ಗಾಜಿನ ಅರ್ಧದಷ್ಟು ಮಾತ್ರ ತೂಕ, ಸುಲಭಕ್ಕೆ ಒಡೆಯೋದೂ ಇಲ್ಲ. ದುಬೈ ಮಾಲ್‌ನ ಅಕ್ವೇರಿಯಂನಲ್ಲಿ ಇರೋದು 75 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್! ಮಾಮೂಲಿ ಗಾಜು ಅಷ್ಟು ದಪ್ಪ ಇದ್ದಿದ್ರೆ ಮೀನೆಲ್ಲ ಹಸಿರಾಗಿ ಕಾಣ್ತಿತ್ತು.

ಮನೆಯ ಲೆಕ್ಕ ಬೇರೆ. 60 ಲೀಟರ್ ನೀರೇ 60 ಕೆಜಿ. ತೊಟ್ಟಿ ಹಗುರವಾದ್ರೂ ಮೇಜು ಗಟ್ಟಿಯಾಗೇ ಇರಬೇಕು. ಪಾಚಿ ಉಜ್ಜುವಾಗ ಸ್ಪಂಜಿನಲ್ಲಿ ಒಂದು ಮರಳಿನ ಕಣ ಇದ್ರೂ ಸಾಕು, ಅಕ್ರಿಲಿಕ್ ಮೇಲೆ ಗೀರು ಬೀಳುತ್ತೆ. ಗಾಜಿಗೆ ಅಷ್ಟು ಬೇಗ ಬೀಳಲ್ಲ. ತೊಳೆಯೋ ಕೆಲಸ ಮಕ್ಕಳದ್ದಾದ್ರೆ ನನ್ನ ಓಟು ಗಾಜಿಗೆ.

ಪುಟ್ಟ ತಮ್ಮ ಮನೆಯೊಳಗೇ ಚೆಂಡು ಎಸೀತಾನಾ? ಹಾಗಾದ್ರೆ ಅಕ್ರಿಲಿಕ್ಕೇ ತನ್ನಿ. ಗೀರು ಬಿದ್ರೆ ಪಾಲಿಶ್ ಮಾಡಬಹುದು, ಮೀನುಗಳನ್ನ ಮಾತ್ರ ಮೊದಲು ಅದೇ ನೀರಿನ ಜೊತೆ ಬಕೆಟ್ಟಿಗೆ ಬಿಡಿ.